ಇಂದ್ರಾಣಿಯ ಒಳಚಿಲಕ

ಎಪ್ಪತ್ತು ದಾಟಿದ ಮೇಲೆ ಇಂದ್ರಾಣಿಗೆ ಒಂದು ಆಸೆ ಹುಟ್ಟಿತು. ಕಾಶಿಗೆ ಹೋಗಬೇಕು, ಬಂಗಾರದ ಬಳೆ ಮಾಡಿಸಬೇಕು ಎಂಬಂಥದ್ದಾಗಿದ್ದರೆ ಹಟ್ಟಿಯವರು 'ಪಾಪ, ಇರಲಿ ಬಿಡಿ' ಎಂದು ತಲೆದೂಗಿ ಸುಮ್ಮನಾಗುತ್ತಿದ್ದರು. ಅವಳಿಗೆ ಬೇಕಾಗಿದ್ದದ್ದು ಒಂದು ಬಾಗಿಲು. ಒಳಗೆ ಹೋಗಿ ಚಿಲಕ ಹಾಕಿಕೊಂಡರೆ, ತಾನಾಗಿ ತೆಗೆಯುವ ತನಕ ಯಾರೂ ಒಳಗೆ ಬರಲಾಗದಂಥ ಬಾಗಿಲು. ಇಂಥ ಆಸೆಯನ್ನು ಬಾಯಿಬಿಟ್ಟು ಹೇಳಿಕೊಳ್ಳಲು ಅವಳಿಗೇ ನಾಚಿಕೆಯಾಗುತ್ತಿತ್ತು.

ಕೂನೂರಿನ ಹತ್ತಿರದ ನಮ್ಮ ಹಟ್ಟಿ ಹುಬ್ಬತಲೈಯಲ್ಲಿ ಬಾಗಿಲುಗಳಿಲ್ಲವೆಂದು ತಿಳಿಯಬೇಡಿ. ಎಲ್ಲರ ಮನೆಗೂ ಗಟ್ಟಿ ಬಾಗಿಲುಗಳಿವೆ, ಹಬ್ಬಕ್ಕೊಮ್ಮೆ ಬಣ್ಣವನ್ನೂ ಬಳಿಯುತ್ತಾರೆ. ಮುಚ್ಚುವ ಪದ್ಧತಿ ಮಾತ್ರ ಇಲ್ಲ. ಬೆಳಿಗ್ಗೆ ತೆರೆದ ಬಾಗಿಲು ಮಲಗುವ ಹೊತ್ತಿನ ತನಕ ತೆರೆದೇ ಇರಬೇಕು. ಹಗಲು ಹೊತ್ತಿನಲ್ಲಿ ಬಾಗಿಲು ಮುಚ್ಚಿದ್ದು ಕಂಡರೆ ಒಳಗೆ ಸಾವೋ, ಜಗಳವೋ ಎಂದು ಅಕ್ಕಪಕ್ಕದವರು ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿ ಬರುತ್ತಾರೆ. ಇನ್ನು ತಟ್ಟುವುದಂತೂ ಬೇಡವೇ ಬೇಡ. ಬಾಗಿಲು ತಟ್ಟಿ ಹೊರಗೆ ನಿಲ್ಲುವವನು ಒಂದೋ ಪೋಸ್ಟ್‌ಮ್ಯಾನ್, ಇಲ್ಲವೋ ಕರೆಂಟ್ ರೀಡಿಂಗಿನವನು. ನಮ್ಮ ಜನ ತಟ್ಟಿದರೆ 'ನಾವೇನು ನಿನಗೆ ಹೊರಗಿನವರಾದೆವಾ' ಎಂದು ಮನೆಯವರೇ ಮುಖ ಊದಿಸಿಕೊಳ್ಳುತ್ತಾರೆ.

ಹಾಲ ಗೌಡರನ್ನು ಮದುವೆಯಾಗಿ ಬಂದಾಗ ಇಂದ್ರಾಣಿಗೆ ಸಿಕ್ಕಿದ್ದು ಸಾಲುಮನೆ. ಮುಂದೊಂದು ಕೋಣೆ, ಹಿಂದೊಂದು ಕೋಣೆ, ಮೂಲೆಯಲ್ಲಿ ಹಾಲು ಮೊಸರಿಡುವ ಸಣ್ಣ ಕೋಣೆ. ಇಡೀ ಮನೆಯಲ್ಲಿ ಮುಚ್ಚಿಕೊಳ್ಳುವ ಬಾಗಿಲಿದ್ದದ್ದು ಆ ಹಾಲಿನ ಕೋಣೆಗೆ ಮಾತ್ರ. ನಮ್ಮ ಪದ್ಧತಿಯಂತೆ ಅದರೊಳಗೆ ಹೆಂಗಸರು ಕಾಲಿಡುವಂತಿರಲಿಲ್ಲ! ಒಂದು ಮಗ್ಗುಲಿಗೆ ಅತ್ತೆ, ಇನ್ನೊಂದು ಮಗ್ಗುಲಿಗೆ ನಾದಿನಿ, ನಡುವೆ ಮಕ್ಕಳು, ಹೀಗೆ ಅವಳ ವಯಸ್ಸು ಕಳೆಯಿತು. ಆಮೇಲೆ ಹಾಲ ಗೌಡರು ತೇಯಿಲೆಯಲ್ಲಿ ನಾಲ್ಕು ಕಾಸು ಕಂಡು ತಾರಸಿ ಮನೆ ಕಟ್ಟಿಸಿದರು. ಕೋಣೆಗೊಂದು ಬಾಗಿಲು ನೋಡಿ ಇಂದ್ರಾಣಿ ಒಳಗೊಳಗೇ ಹಿಗ್ಗಿದಳು. ಗೃಹಪ್ರವೇಶದ ಮಾರನೆಯ ದಿನವೇ ಅತ್ತೆ ಒಂದು ಬಾಗಿಲಿಗೆ ರುಬ್ಬುಗುಂಡು, ಮತ್ತೊಂದಕ್ಕೆ ಸೀಮೆಎಣ್ಣೆ ಡಬ್ಬ, ಇನ್ನೊಂದಕ್ಕೆ ಗೊಬ್ಬರದ ಮೂಟೆ ಒತ್ತು ಕೊಟ್ಟು ಎಲ್ಲವನ್ನೂ ತೆರೆದಿಟ್ಟರು. ಸ್ನಾನದ ಮನೆ ಬಾಗಿಲೊಂದು ಮುಚ್ಚುತ್ತಿತ್ತು, ಮಾತು ಮಾತ್ರ ಅದರಾಚೆಯಿಂದಲೂ ಬರುತ್ತಿತ್ತು: ಒಲೆಯ ಮೇಲಿನ ಅವರೆ ಉದಕಕ್ಕೆ ಉಪ್ಪು ಹಾಕಿದೆಯಾ, ಕತ್ತಿ ಎಲ್ಲಿಟ್ಟೆ, ಇನ್ನೂ ಎಷ್ಟು ಹೊತ್ತು.

ಹಟ್ಟಿಯ ಕೆಳಗೆ, ಕೂನೂರಿಗೆ ಹೋಗುವ ರಸ್ತೆಯ ತಿರುವಿನಲ್ಲಿ, ಸಮುದಾಯದ ದೊಡ್ಡ ಮನುಷ್ಯರು ಸೇರಿ ಒಂದು ಟ್ರಸ್ಟ್ ಮಾಡಿ ವಯಸ್ಸಾದವರಿಗೆಂದು ಸಾಲಾಗಿ ಪುಟ್ಟ ಮನೆಗಳನ್ನು ಕಟ್ಟಿಸಿದ್ದರು. ಅದಕ್ಕೊಂದು ಚೆಂದದ ಹೆಸರು ಇಟ್ಟು ಕಲ್ಲಿನಲ್ಲಿ ಕೆತ್ತಿಸಿದ್ದರೂ ಎಲ್ಲರೂ ಕರೆಯುತ್ತಿದ್ದದ್ದು 'ಹಗ್ಗದ ಮನೆ' ಎಂದೇ. ಯಾಕೆ ಹಗ್ಗ ಎಂದು ಮುಂದೆ ಹೇಳುತ್ತೇನೆ. ಕಲ್ಲಿನ ಮೇಲೆ ದಾನಿಗಳ ಹೆಸರು ಬರುತ್ತದೆಂದು ಹಾಲ ಗೌಡರೂ ಒಂದು ಮನೆ ಬರೆಸಿಕೊಂಡಿದ್ದರು. ಅಲ್ಲಿ ವಾಸ ಮಾಡುವ ಯೋಚನೆ ಅವರಿಗೆ ಕನಸಿನಲ್ಲೂ ಇರಲಿಲ್ಲ. ಅವರು ತೀರಿಕೊಂಡು ವರ್ಷದ ಕಾರ್ಯ ಮುಗಿದ ಸಂಜೆ, ಬಂದವರೆಲ್ಲ ಊಟ ಮಾಡಿ ಎಲೆ ಮಡಿಸುತ್ತಿರುವಾಗ, ಇಂದ್ರಾಣಿ ತಾನು ಆ ಮನೆಗೆ ಹೋಗಿ ಇರುತ್ತೇನೆ ಎಂದು ಹೇಳಿದಳು.

ಮಗ ರಂಗನಾಥನ್ ತಟ್ಟೆಂದು ಎದ್ದು ನಿಂತ. ಅವನದು ತಾನಾಯಿತು ತನ್ನ ತೇಯಿಲೆ ತೋಟವಾಯಿತು ಎಂದಿರುವ ಸ್ವಭಾವ. ಆದರೂ ಊರ ಬಾಯಿಗೆ ಹೆದರದವನು ಯಾರಿದ್ದಾನೆ? ಹೆತ್ತವಳನ್ನು ಹೊರಗೆ ಹಾಕಿದ ಎನ್ನುತ್ತಾರೆ ಅವ್ವೆ, ನಾನು ತಲೆ ಎತ್ತಿ ತಿರುಗಬೇಕೋ ಬೇಡವೋ ಎಂದು ಗೋಳಾಡಿದ. ಸೊಸೆ ತೇನ್ಮೊಳಿ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ಹೊರಟ ದಿನ ಇಂದ್ರಾಣಿ ದಾರಿಯಲ್ಲಿ ಸಿಕ್ಕವರನ್ನೆಲ್ಲ ನಿಲ್ಲಿಸಿ, ನನ್ನನ್ನು ಯಾರೂ ಹೊರಗೆ ಹಾಕಿಲ್ಲ, ನಾನೇ ಇಷ್ಟಪಟ್ಟು ಹೋಗುತ್ತಿದ್ದೇನೆ ಎಂದು ಹೇಳುತ್ತಾ ಹೋದಳು. ಅಲ್ಲಿಯವರೆಗೆ ಯಾರಿಗಾದರೂ ಅನುಮಾನ ಉಳಿದಿದ್ದರೆ ಅದೂ ಪರಿಹಾರವಾಯಿತು. ಮಗ ಹೊರಗೆ ಹಾಕಿದ್ದು ಖಂಡಿತ ಎಂದು ಎಲ್ಲರೂ ತೀರ್ಮಾನಿಸಿದರು.

ಹಗ್ಗದ ಮನೆಗಳ ವಾರ್ಡನ್ ಸುಧಾಕರನ್, ಗೂಡಲೂರು ಕಡೆಯವನು, ಮಿಲಿಟರಿಯಿಂದ ರಿಟೈರಾಗಿ ಬಂದವನು. ಮನೆ ತೋರಿಸುವಾಗ ಅವನು ಬಾರ್ಡರಿನಲ್ಲಿ ಹೊಸ ಜವಾನನಿಗೆ ಬಂದೂಕು ತೋರಿಸುವಷ್ಟು ಗಂಭೀರವಾಗಿ ಹಗ್ಗ ತೋರಿಸಿದ. ಮಂಚದ ಪಕ್ಕದಲ್ಲೊಂದು, ಸ್ನಾನದ ಮನೆಯಲ್ಲೊಂದು, ಕೆಂಪು ಹಗ್ಗಗಳು ಸೂರಿನಿಂದ ಇಳಿದು ನೆಲಕ್ಕೆ ತಾಗುವಷ್ಟರಲ್ಲಿ ನಿಂತಿದ್ದವು. ಜಾರಿ ಬಿದ್ದವರ ಕೈಗೂ ಎಟುಕಬೇಕಲ್ಲ. ಎಳೆದರೆ ಅವನ ಆಫೀಸಿನಲ್ಲಿ ಗಂಟೆ ಹೊಡೆಯುತ್ತದೆ, ಮನೆಯ ಬಾಗಿಲ ಮೇಲೆ ಕೆಂಪು ದೀಪ ಹತ್ತುತ್ತದೆ, ಅವನು ಓಡಿ ಬರುತ್ತಾನೆ. ಒಳಗಿದ್ದವರಿಗೆ ಎದ್ದು ಬಾಗಿಲು ತೆಗೆಯಲಾಗದಿದ್ದರೆ? ಅದಕ್ಕೂ ವ್ಯವಸ್ಥೆ ಇತ್ತು. ಬಾಗಿಲ ಪಕ್ಕದ ಗೋಡೆಯಲ್ಲಿ ಒಂದು ಪುಟ್ಟ ಕಬ್ಬಿಣದ ಪೆಟ್ಟಿಗೆ, ಅದರ ಮೇಲೆ ತಿರುಗಿಸುವ ನಂಬರುಗಳು, ಸರಿಯಾದ ನಂಬರು ಕೂಡಿಸಿದರೆ ಪೆಟ್ಟಿಗೆ ತೆರೆದು ಮನೆಯ ಕೀ ಕೈಗೆ ಬರುತ್ತದೆ. ಹಾಗಾಗಿ ಈ ಮನೆಗಳ ಬಾಗಿಲಿಗೆ ಒಳಚಿಲಕವೇ ಇಲ್ಲ, ಇಡಿಸಲೂಬಾರದು ಎಂದು ಅವನು ಹೆಮ್ಮೆಯಿಂದ ಮಾತು ಮುಗಿಸಿದ.

ಚಿಲಕಕ್ಕಾಗಿ ಹಟ್ಟಿ ಬಿಟ್ಟು, ಮಗನ ಮಾನ ಕಳೆದು ಬಂದವಳಿಗೆ ಚಿಲಕವಿಲ್ಲದ ಮನೆ! ಪೆಟ್ಟಿಗೆಯ ನಂಬರು ಯಾರಿಗೆ ಗೊತ್ತು ಎಂದು ಕೇಳಿದಳು. ನನಗೊಬ್ಬನಿಗೇ ಅಮ್ಮಾ ಎಂದ ಸುಧಾಕರನ್. ಸದ್ಯ ಎಂದುಕೊಂಡು ಬಾಗಿಲು ಎಳೆದುಕೊಂಡು ಒಳಗೆ ಕೂತಳು. ಆ ಮೊದಲ ದಿನಗಳಲ್ಲಿ ಅವಳು ಏನು ಮಾಡಿದಳು ಎಂದು ಕೇಳಿದರೆ ಹೇಳಲು ಏನೂ ಇಲ್ಲ. ಚಹಾ ಕಾಸಿ ಕುಡಿದಳು. ಕಿಟಕಿಯಿಂದ ತೇಯಿಲೆ ಗುಡ್ಡ ನೋಡಿದಳು. ತಲೆವಸ್ತ್ರ ಬಿಚ್ಚಿ ಕೂದಲು ಹರಡಿಕೊಂಡು ಕುರ್ಚಿಯಲ್ಲಿ ಕೂತು ಕಾಲು ಚಾಚಿದಳು. ಅಷ್ಟಕ್ಕೇ ಅವಳಿಗೆ ಸ್ವರ್ಗಕ್ಕೆ ಮೂರೇ ಗೇಣು ಉಳಿದಿತ್ತು.

ಸುಧಾಕರನ್ ಒಳ್ಳೆಯವನೇ. ಆದರೆ ಅವನು ಹಟ್ಟಿಯ ಜನರನ್ನು ಅರಿತವನಲ್ಲ. ಸ್ವಂತ ಮಗನಲ್ಲವೇ, ತುರ್ತಿಗೆ ಇರಲಿ ಎಂದು ನಂಬರನ್ನು ರಂಗನಾಥನ ಕಿವಿಯಲ್ಲಿ ಹೇಳಿದ. ರಂಗನಾಥನ್ ಹೆಂಡತಿಗೆ ಹೇಳದೆ ಇರುತ್ತಾನೆಯೇ? ಅವನ ಚಿಕ್ಕಮ್ಮ ಬಂದು ಕೇಳಿದಾಗ ಹೇಳದೆ ಇದ್ದರೆ ಬಂಧುತ್ವ ಉಳಿಯುತ್ತದೆಯೇ? ಚಿಕ್ಕಮ್ಮನಿಗೆ ಹೇಳಿ ದೊಡ್ಡಮ್ಮನಿಗೆ ಹೇಳದಿದ್ದರೆ ಮುಂದಿನ ಮದುವೆಗೆ ಆ ಮನೆಯವರು ಬರುತ್ತಾರೆಯೇ? ನಮ್ಮಲ್ಲಿ ಒಬ್ಬರಿಗೆ ಹೇಳಿ ಇನ್ನೊಬ್ಬರಿಗೆ ಮುಚ್ಚಿಟ್ಟರೆ ಅದು ಗುಟ್ಟಲ್ಲ, ಅವಮಾನ. ಹಾಗಾಗಿ ಯಾರಿಗೂ ಅವಮಾನವಾಗದಂತೆ ಆ ನಂಬರು ಇಡೀ ಹಟ್ಟಿಗೆ ಹಂಚಿಕೆಯಾಯಿತು. ಕಿತ್ತ ತೇಯಿಲೆ ಲೀಫ್ ತೂಕ ಹಾಕಿಸಲು ಸಾಲಿನಲ್ಲಿ ನಿಂತವರು ಕೂಡ ಅದನ್ನು ಬಾಯಿಪಾಠ ಹೇಳುತ್ತಿದ್ದರು.

ಶುರುವಾಯಿತು ನೋಡಿ ಮೆರವಣಿಗೆ. ಕೂನೂರು ಸಂತೆಗೆ ಹೋಗುವವರು ಹೋಗುತ್ತಾ ಒಮ್ಮೆ, ಬರುತ್ತಾ ಒಮ್ಮೆ. ಬಸ್ಸು ತಪ್ಪಿದವರು ಮುಂದಿನ ಬಸ್ಸಿನ ತನಕ. ಮಳೆ ಬಂದರೆ ನಿಲ್ಲಲು, ಬಿಸಿಲಿದ್ದರೆ ನೀರು ಕುಡಿಯಲು. ಪೆಟ್ಟಿಗೆ ಕಿರ್ರೆನ್ನುತ್ತಿತ್ತು, ಕೀ ತಿರುಗುತ್ತಿತ್ತು, ಜನ ಒಳಗಿರುತ್ತಿದ್ದರು. ಬಂದವರು ಪದ್ಧತಿಯಂತೆ ಬಾಗಿ ತಲೆಯೊಡ್ಡುತ್ತಿದ್ದರು; ಹಿರಿಯಳಾದ ಇಂದ್ರಾಣಿ ತಲೆಯ ಮೇಲೆ ಕೈಯಿಟ್ಟು 'ಒಂದು ಹೋಗಿ ಒಂಬತ್ತಾಗಲಿ' ಎಂದು ಹರಸಬೇಕಿತ್ತು. ಹರಸಿ ಹರಸಿ ಅವಳ ಬಲಗೈ ಸೋತಿತು. ಹರಕೆ ಮಾತ್ರ ಸುಳ್ಳಾಗಲಿಲ್ಲ, ಒಬ್ಬರು ಹೋದರೆ ಒಂಬತ್ತು ಜನ ಬರುತ್ತಿದ್ದರು. ಬಂದವರೆಲ್ಲ ಹೇಳುತ್ತಿದ್ದದ್ದು ಒಂದೇ ಮಾತು: ಪಾಪ, ಒಂಟಿಯಾಗಿದ್ದೀಯಲ್ಲ.

ತಡೆಯಲಾರದೆ ಅವಳು ಹಟ್ಟಿಯ ಬಡಗಿಯನ್ನೇ ಕರೆಸಿ ಒಂದು ಹಿತ್ತಾಳೆಯ ಒಳಚಿಲಕ ಹಾಕಿಸಿದಳು. ಅದನ್ನು ಸರಿಸಿ ಕೂತ ಮಧ್ಯಾಹ್ನ ಹೊರಗೆ ಯಾರೋ ಕೀ ತಿರುಗಿಸಿ ತಿರುಗಿಸಿ ಸೋತರು. ಆಮೇಲೆ 'ಅಯ್ಯೋ, ಇಂದ್ರಾಣಿಗೆ ಏನೋ ಆಗಿಬಿಟ್ಟಿದೆ' ಎಂಬ ಕೂಗು ಎದ್ದಿತು. ಸುಧಾಕರನ್ ಬಾಗಿಲಿಗೆ ಭುಜ ಕೊಟ್ಟು ನುಗ್ಗುವ ಹೊತ್ತಿಗೆ ಅವಳು ಚಿಲಕ ತೆಗೆದು ಕೈಯಲ್ಲಿ ಚಹಾ ಲೋಟ ಹಿಡಿದು ನಿಂತಿದ್ದಳು. ಮರುದಿನ ಟ್ರಸ್ಟಿನ ಆಜ್ಞೆಯಾಯಿತು. ಬಡಗಿಯೇ ಬಂದು ತಾನು ಹಾಕಿದ ಚಿಲಕವನ್ನು ಬಿಚ್ಚಿಕೊಂಡು ಹೋದ. ಅವನೂ ಹೋಗುವಾಗ ಬಾಗಿ ತಲೆಯೊಡ್ಡಿದ, ಅವಳು ಹರಸಿ ಕಳಿಸಿದಳು.

ಬರಬೇಡಿ ಎಂದು ಹೇಳಿಬಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅದನ್ನು ಕೇಳುವವರು ಹಟ್ಟಿಯಲ್ಲಿ ಹುಟ್ಟಿದವರಲ್ಲ. ಹೊಸಿಲು ದಾಟಿ ಬಂದವರನ್ನು 'ಹೊರಡು' ಎಂದು ಅವಳ ಅವ್ವೆ ಹೇಳಿರಲಿಲ್ಲ, ಅತ್ತೆ ಹೇಳಿರಲಿಲ್ಲ. ಆ ಮಾತಿಗೆ ಅವಳ ಬಾಯಲ್ಲಿ ಜಾಗವೇ ಇರಲಿಲ್ಲ. ಎಲ್ಲರಿಗಿಂತ ಹೆಚ್ಚಾಗಿ ಅವಳ ಹೊಟ್ಟೆ ಉರಿಸಿದವಳು ಸೊಸೆ ತೇನ್ಮೊಳಿ. ಉಳಿದವರು ಬರುತ್ತಿದ್ದರು, ಹರಟುತ್ತಿದ್ದರು, ಹೋಗುತ್ತಿದ್ದರು. ತೇನ್ಮೊಳಿ ದಿನಾ ಮಧ್ಯಾಹ್ನ ಅತ್ತೆ ಮಲಗಿದ ಹೊತ್ತು ನೋಡಿ ಬರುತ್ತಿದ್ದಳು. ಇಂದ್ರಾಣಿ ನಿದ್ದೆಯಿಂದ ಎದ್ದು ನೋಡಿದರೆ ಮುಂದಿನ ಕೋಣೆಯ ಕುರ್ಚಿಯಲ್ಲಿ ಕೈಕಟ್ಟಿ ಕೂತಿರುತ್ತಿದ್ದಳು. ಬಾಗಿಲು ಮುಚ್ಚಿರುತ್ತಿತ್ತು, ಫೋನು ಆಫ್ ಆಗಿರುತ್ತಿತ್ತು. ಏನು ಬಂದೆ ಎಂದರೆ, ಸುಮ್ಮನೆ ಬಂದೆ ಮಾಮಿ, ನೀವು ಮಲಗಿ ಎನ್ನುತ್ತಿದ್ದಳು. ನಾನು ಉಸಿರಾಡುತ್ತಿದ್ದೇನೋ ಇಲ್ಲವೋ ಎಂದು ನೋಡಿ ಹಟ್ಟಿಗೆ ವರದಿ ಒಪ್ಪಿಸಲು ಬರುತ್ತಾಳೆ, ಕಾವಲು ಕಾಯುತ್ತಾಳೆ ಎಂದು ಇಂದ್ರಾಣಿಗೆ ಖಾತ್ರಿಯಾಯಿತು.

ಒಂದು ಮಧ್ಯಾಹ್ನ ಹಾಗೆಯೇ ಎದ್ದವಳು ಕುರ್ಚಿಯಲ್ಲಿ ಸೊಸೆಯ ಬೆನ್ನು ಕಂಡಳು. ಮೈಯೆಲ್ಲ ಉರಿಯಿತು. ಬಾಯಿ ಬಿಡಲಾಗದೆ ಒಳಗೆ ತಿರುಗಿ ಮಂಚದ ಪಕ್ಕದ ಕೆಂಪು ಹಗ್ಗವನ್ನು ಹಿಡಿದು ಎಳೆದುಬಿಟ್ಟಳು. ಸುಧಾಕರನ್ ಒಂದು ಕಾಲಿಗೆ ಬೂಟು ಹಾಕಿಕೊಂಡು, ಔಷಧದ ಚೀಲ ಎತ್ತಿಕೊಂಡು, ಎದ್ದೆನೋ ಬಿದ್ದೆನೋ ಎಂದು ಓಡಿ ಬಂದ. ಬಿದ್ದಿರಾ ಎಂದ, ಇಲ್ಲ ಎಂದಳು. ಎದೆ ನೋವೇ ಎಂದ, ಅಲ್ಲ ಎಂದಳು. ಮತ್ತೇನು ಎಂದು ಅವನು ಕಣ್ಣು ಕಣ್ಣು ಬಿಟ್ಟಾಗ ಅವಳು ತಣ್ಣಗೆ ಹೇಳಿದಳು:

"ಮನೆಯೊಳಗೆ ಜನ ಬಂದಿದ್ದಾರೆ."

ಅವನು ಪಾಪ ಕಳ್ಳನಿಗಾಗಿ ಮಂಚದ ಕೆಳಗೆ ಬಗ್ಗಿ ನೋಡಿದ. ಅಲ್ಲಿ ಯಾರೂ ಸಿಗದೆ ಎದ್ದು, ಇವರು ನಿಮ್ಮ ಸೊಸೆಯಲ್ಲವೇ ಅಮ್ಮಾ ಎಂದು ಕೇಳಿದ. ಇಂದ್ರಾಣಿ ಗೋಡೆಗೆ ಅಂಟಿಸಿದ್ದ ನಿಯಮದ ಹಾಳೆಯತ್ತ ಬೆರಳು ತೋರಿಸಿದಳು. ಜಾರಿ ಬಿದ್ದರೆ, ಎದೆ ನೋವು ಬಂದರೆ, ಗ್ಯಾಸ್ ವಾಸನೆ ಬಂದರೆ ಹಗ್ಗ ಎಳೆಯಿರಿ ಎಂದು ಬರೆದ ಕೆಳಗೆ, ಕರೆಯದವರು ಮನೆಯೊಳಗೆ ಬಂದರೆ ಎಳೆಯಿರಿ ಎಂದೂ ಬರೆದಿತ್ತು. ನಾನು ಇವಳನ್ನು ಕರೆದಿರಲಿಲ್ಲ ಎಂದಳು. ತೇನ್ಮೊಳಿಯ ಮುಖ ಬೆಳ್ಳಗಾಯಿತು. ಬಾಗಿ ಅತ್ತೆಗೆ ತಲೆಯೊಡ್ಡಿ, ಹರಕೆಗೆ ಕಾಯದೆ ಹೊರಟುಹೋದಳು.

ಬಾಯಿಗೆ ಬಾರದ ಮಾತನ್ನು ಹಗ್ಗ ಹೇಳುತ್ತದೆ ಎಂದು ಇಂದ್ರಾಣಿಗೆ ಗೊತ್ತಾದ ಮೇಲೆ ಕೇಳಬೇಕೇ? ಚಿಕ್ಕಮ್ಮ ಬಂದರೆ ಮೊದಲು ಅವರ ತಲೆಯ ಮೇಲೆ ಕೈಯಿಟ್ಟು ಹರಸುವಳು, ಕೂಡಲು ಹೇಳುವಳು, ಚಹಾ ಕೊಡುವಳು, ಆಮೇಲೆ ಒಳಗೆ ಹೋಗಿ ಹಗ್ಗ ಎಳೆಯುವಳು. ಮರ್ಯಾದೆಗೆ ಎಲ್ಲೂ ಕೊರತೆ ಮಾಡಲಿಲ್ಲ. ಸುಧಾಕರನ್ ಪ್ರತಿ ಸಲವೂ ಓಡಿ ಬರುತ್ತಿದ್ದ. ಗಂಟೆ ಹೊಡೆದರೆ ಓಡಲೇಬೇಕು ಎಂದು ಮಿಲಿಟರಿ ಅವನಿಗೆ ಕಲಿಸಿತ್ತು. ಬಾಗಿಲ ಮೇಲೆ ಕೆಂಪು ದೀಪ, ಕೆಳಗೆ ಚಹಾ ಲೋಟ ಹಿಡಿದು ತಬ್ಬಿಬ್ಬಾದ ಬಂಧುಗಳು, ಎದುರುಸಾಲಿನ ಮುದುಕರಿಗೆ ಕಿಟಕಿಯಲ್ಲಿ ನಿಂತು ನೋಡುವ ಭಾಗ್ಯ. ಅಷ್ಟಾದರೂ ಯಾರೂ ಬರುವುದು ಬಿಡಲಿಲ್ಲ. ತೇನ್ಮೊಳಿಯೂ ಬಿಡಲಿಲ್ಲ, ಗಂಟೆ ಹೊಡೆದಾಗ ಎದ್ದು ಹೋಗುತ್ತಿದ್ದಳು, ಮರುದಿನ ಮತ್ತೆ ಅದೇ ಕುರ್ಚಿಯಲ್ಲಿರುತ್ತಿದ್ದಳು. ಎಂಥ ದಪ್ಪ ಚರ್ಮದ ಹೆಂಗಸಪ್ಪಾ ಎಂದು ಇಂದ್ರಾಣಿ ಹಲ್ಲು ಕಡಿದಳು.

ಕೊನೆಗೆ ಟ್ರಸ್ಟಿನ ಅಧ್ಯಕ್ಷ ಧರ್ಮಲಿಂಗಂ ಗೌಡರ ತನಕ ದೂರು ಹೋಯಿತು. ಅವರು ಹಾಲ ಗೌಡರಿಗೆ ದಾಯಾದಿ ತಮ್ಮ, ಇಂದ್ರಾಣಿಗೆ ಮೈದುನ. ತುರ್ತು ಯಾವುದು, ಅಲ್ಲದ್ದು ಯಾವುದು ಎಂದು ತಿಳಿಯದವರನ್ನು ಒಂಟಿ ಮನೆಯಲ್ಲಿ ಬಿಡಲಾಗುವುದಿಲ್ಲ, ಹಾಸಿಗೆ ಹಿಡಿದವರಿಗೆಂದು ಟ್ರಸ್ಟ್ ಮಾಡಿದ್ದ ಆರೈಕೆ ಹಾಲ್‌ಗೆ ಸೇರಿಸಬೇಕು, ಇಲ್ಲವಾದರೆ ಮಗನ ಮನೆಗೆ ಮರಳಬೇಕು ಎಂದು ಹೇಳಿ ಕಳಿಸಿದರು. ಇಂದ್ರಾಣಿ ಆ ಹಾಲ್ ನೋಡಿದ್ದಳು. ಉದ್ದಕ್ಕೂ ಮಂಚಗಳ ಸಾಲು, ಮಂಚಕ್ಕೂ ಮಂಚಕ್ಕೂ ನಡುವೆ ಒಂದು ಪರದೆ. ಗಾಲಿಕುರ್ಚಿ ಸಲೀಸಾಗಿ ಹೋಗಲೆಂದು ಬಾಗಿಲುಗಳನ್ನೇ ಕಳಚಿಟ್ಟಿದ್ದರು. ಅವಳಿಗೆ ಮೊದಲ ಸಲ ನಿಜವಾದ ಹೆದರಿಕೆ ಹುಟ್ಟಿತು. ಊಟ ಸೇರಲಿಲ್ಲ.

ತೀರ್ಮಾನದ ಸಭೆ ಎಲ್ಲಿ ನಡೆಯಿತು ಎನ್ನುತ್ತೀರಿ? ಇಂದ್ರಾಣಿಯ ಮನೆಯಲ್ಲೇ! ಕರೆಯದ ಜನ ಅವಳ ಮನೆಯೊಳಗೆ ನುಗ್ಗುತ್ತಾರೆಯೇ ಎಂಬ ಪ್ರಶ್ನೆಯನ್ನು ವಿಚಾರಿಸಲು ಧರ್ಮಲಿಂಗಂ ಗೌಡರು, ಟ್ರಸ್ಟಿನ ಇನ್ನಿಬ್ಬರು, ಚಿಕ್ಕಮ್ಮ, ದೊಡ್ಡಮ್ಮ, ರಂಗನಾಥನ್, ತೇನ್ಮೊಳಿ ಎಲ್ಲರೂ ಪೆಟ್ಟಿಗೆಯಿಂದ ಕೀ ತೆಗೆದು, ಬಾಗಿಲು ತೆರೆದು, ಒಳಗೆ ಬಂದು ಕೂತರು. ಬಟ್ಟೆ ಮಡಿಸುತ್ತಿದ್ದ ಇಂದ್ರಾಣಿ ಎದ್ದು ಎಲ್ಲರಿಗೂ ಚಹಾ ಕೊಟ್ಟಳು. ಕಿರಿಯರೆಲ್ಲರ ತಲೆ ಮುಟ್ಟಿ ಹರಸಿದಳು. ಆಮೇಲೆ ಒಳಗೆ ಹೋಗಿ ಹಗ್ಗ ಎಳೆದಳು. ದೂರದ ಆಫೀಸಿನಲ್ಲಿ ಗಂಟೆ ಕೇಳಿಸಿತು. ಸಭೆಯ ಮೂಲೆಯಲ್ಲೇ ಕೂತಿದ್ದ ಸುಧಾಕರನ್ ಗಡಬಡಿಸಿ ಎದ್ದು, ಎಲ್ಲಿಗೆ ಓಡಬೇಕೆಂದು ತಿಳಿಯದೆ, ನಿಂತಲ್ಲೇ ಸಲ್ಯೂಟ್ ಹೊಡೆಯುವವನಂತೆ ನಿಂತುಬಿಟ್ಟ.

ನೋಡಿದಿರಾ, ಇದೇ ನಾನು ಹೇಳಿದ್ದು ಎಂದರು ಚಿಕ್ಕಮ್ಮ. ತಲೆ ಸ್ವಲ್ಪ ಹೀಗಾಗಿದೆ, ಗಂಡ ಹೋದ ಮೇಲೆ ಪಾಪ ಎಂದರು ದೊಡ್ಡಮ್ಮ. ಧರ್ಮಲಿಂಗಂ ಗೌಡರು ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದು ಬಂದವರು, ಮಾತು ತೂಕದ್ದು.

"ಅತ್ತಿಗೆ, ನಿಮಗೆ ಏನು ಬೇಕು? ಅದನ್ನಾದರೂ ಹೇಳಿ."

"ಚಿಲಕ ಬೇಕು," ಎಂದಳು ಇಂದ್ರಾಣಿ. "ನಾನು ಹಾಕಿದರೆ ಹಾಕಿದ್ದು, ತೆಗೆದರೆ ತೆಗೆದದ್ದು ಆಗಬೇಕು. ಅಷ್ಟೇ."

ಚಿಲಕದ ಹಿಂದೆ ಏನಾದರೂ ಆಗಿ, ಹಗ್ಗ ಎಳೆಯಲೂ ಆಗದೆ, ಬಾಗಿಲು ಒಡೆದು ಬರುವಷ್ಟರಲ್ಲಿ ಪ್ರಾಣ ಹೋದರೆ ಹೊಣೆ ಯಾರು ಎಂದು ಗೌಡರು ಕೇಳಿದರು. ಮನೆಯವರಲ್ಲಿ ಯಾರಾದರೂ ಒಬ್ಬರು ಇಷ್ಟು ಜನರ ಮುಂದೆ, ಆಗಲಿ, ಬಾಗಿಲು ಮುಚ್ಚಿಕೊಳ್ಳಲಿ, ಮುಂದಿನದು ನಮಗಿರಲಿ ಎಂದು ಹೇಳಿದರೆ ಚಿಲಕ ಇಡಿಸೋಣ, ಇಲ್ಲವಾದರೆ ಆರೈಕೆ ಹಾಲ್‌ಗೆ ಹೋಗಲೇಬೇಕು ಎಂದರು. ಎಲ್ಲರ ಕಣ್ಣು ರಂಗನಾಥನ ಮೇಲೆ ಬಿತ್ತು. ಅವನು ನೆಲ ನೋಡಿದ. ಬಾಗಿಲ ಹಿಂದೆ ತಾಯಿ ಸಾಯಲಿ ಎಂದು ಒಪ್ಪಿಕೊಂಡ ಮಗ ಎಂಬ ಹೆಸರು ಹೊತ್ತು ಅವನು ಹಟ್ಟಿಗೆ ಮರಳುವುದು ಹೇಗೆ? ಇಂದ್ರಾಣಿಗೆ ಆ ಮಂಚಗಳ ಸಾಲು ಕಣ್ಣ ಮುಂದೆ ಬಂತು, ಮುಗಿಯಿತು ಎಂದುಕೊಂಡಳು.

ಆಗ ತೇನ್ಮೊಳಿ ಎದ್ದು ನಿಂತಳು. ಮೂವತ್ತು ವರ್ಷದ ಸಂಸಾರದಲ್ಲಿ ಹಿರಿಯರ ಸಭೆಯಲ್ಲಿ ಅವಳು ಬಾಯಿ ತೆರೆದದ್ದಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, ಯಾರ ಮುಖವನ್ನೂ ನೋಡದೆ ಹೇಳಿದಳು:

"ಮಾಮಿ ಚಿಲಕ ಹಾಕಿಕೊಳ್ಳಲಿ. ನಾನು ಒಪ್ಪಿದ್ದೇನೆ, ಏನೇ ಬಂದರೂ ನನ್ನ ತಲೆ ಮೇಲಿರಲಿ. ನಾನು ದಿನಾ ಇಲ್ಲಿಗೆ ಬರುತ್ತಿದ್ದದ್ದು ಮಾಮಿಯನ್ನು ನೋಡುವುದಕ್ಕಲ್ಲ. ಮಾಮಿ ಮಲಗಿರುತ್ತಿದ್ದರು, ಬಾಗಿಲು ಮುಚ್ಚಿರುತ್ತಿತ್ತು. ಯಾರೂ ನನ್ನ ಹೆಸರು ಹಿಡಿದು ಕೂಗುತ್ತಿರಲಿಲ್ಲ. ಅದಕ್ಕೇ ಬರುತ್ತಿದ್ದೆ."

ಸಭೆ ದಂಗಾಯಿತು. ದೊಡ್ಡಮ್ಮ ಏನೋ ಹೇಳಲು ಹೋಗಿ ಚಹಾ ಗುಟುಕರಿಸಿದರು. ಧರ್ಮಲಿಂಗಂ ಗೌಡರು ಕನ್ನಡಕ ಒರೆಸಿ, ಹಾಗಾದರೆ ಚಿಲಕ ಇಡಿಸಿ ಎಂದು ಎದ್ದರು.

ಗೆದ್ದವಳಿಗೆ ಗೆದ್ದ ಖುಷಿ ಇರಬೇಕಲ್ಲ? ಬಡಗಿ ಮತ್ತೆ ಬಂದು ಅದೇ ಹಿತ್ತಾಳೆ ಚಿಲಕ ಕೂರಿಸಿದ. ಹಟ್ಟಿಯವರು ಮುನಿಸಿಕೊಂಡು ಈ ಕಡೆ ತಲೆ ಹಾಕಲಿಲ್ಲ. ಇಂದ್ರಾಣಿ ಚಿಲಕ ಹಾಕಿ ಕೂತಳು. ಸದ್ದಿಲ್ಲ, ಹರಕೆಯಿಲ್ಲ, ಕುರ್ಚಿಯೂ ಖಾಲಿ. ಬಯಸಿದ್ದೆಲ್ಲ ಸಿಕ್ಕಿತ್ತು, ಆದರೂ ಮನಸ್ಸು ಕುರ್ಚಿಯ ಹತ್ತಿರವೇ ಸುಳಿದಾಡುತ್ತಿತ್ತು. ತೇನ್ಮೊಳಿಯ ಹೆಸರು ಹಿಡಿದು ಕೂಗುತ್ತಿದ್ದವರು ಯಾರು? ಬೆಳಿಗ್ಗೆ ಕಣ್ಣುಬಿಟ್ಟ ಕೂಡಲೇ 'ತೇನ್ಮೊಳೀ' ಎಂದು ಮೊದಲು ಕೂಗುತ್ತಿದ್ದವಳು ತಾನೇ. ಅವಳು ಸ್ನಾನದ ಮನೆಗೆ ಹೋದಾಗ ಬಾಗಿಲ ಹೊರಗೆ ನಿಂತು ಇನ್ನೂ ಎಷ್ಟು ಹೊತ್ತು ಎಂದು ಕೇಳುತ್ತಿದ್ದವಳೂ ತಾನೇ. ಅತ್ತೆ ತನಗೆ ಮಾಡಿದ್ದನ್ನೆಲ್ಲ ಒಂದೂ ಬಿಡದಂತೆ ಸೊಸೆಗೆ ಮಾಡಿ, ಕೊನೆಗೆ ತಾನೊಬ್ಬಳೇ ತಪ್ಪಿಸಿಕೊಂಡು ಬಂದಿದ್ದಳು. ಹಿಂದೆ ಬಂದವಳಿಗೆ ಗಂಟೆ ಬಾರಿಸಿದ್ದಳು. ಇಂದ್ರಾಣಿಗೆ ನಾಚಿಕೆಯಾಯಿತು, ಕಣ್ಣಲ್ಲಿ ನೀರು ಬರುವಷ್ಟು ನಾಚಿಕೆಯಾಯಿತು.

ಒಳಗೆ ಕರೆದು ಕೂರಿಸಿಕೊಳ್ಳೋಣವೆಂದರೆ ಅದು ಮತ್ತೆ ಇಬ್ಬರಿರುವ ಮನೆಯಾಗುತ್ತದೆ. ಇಬ್ಬರಿರುವ ಮನೆಗಾಗಿ ಅವಳೂ ಬಂದಿರಲಿಲ್ಲ, ಸೊಸೆಯೂ ಬಂದಿರಲಿಲ್ಲ. ಮರುವಾರ ಮಧ್ಯಾಹ್ನ ಇಂದ್ರಾಣಿ ಕೀ ಹಿಡಿದು ಏರು ಹತ್ತಿ ಹಟ್ಟಿಗೆ ಹೋದಳು. ಅಡುಗೆಮನೆಯಲ್ಲಿ ಒಲೆಯ ಮುಂದಿದ್ದ ಸೊಸೆಯ ಕೈಯಲ್ಲಿ ಕೀ ಇಟ್ಟು, ಹೋಗಿ ಬಾ, ಒಳಗಿನಿಂದ ಚಿಲಕ ಹಾಕಿಕೋ, ಹೊತ್ತು ಮುಳುಗುವ ತನಕ ಇಲ್ಲಿ ನಾನಿರುತ್ತೇನೆ ಎಂದಳು. ತೇನ್ಮೊಳಿ ಕೀಯನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ಆಮೇಲೆ ಬಾಗಿ ತಲೆಯೊಡ್ಡಿದಳು. ಇಂದ್ರಾಣಿ ಕೈಯಿಟ್ಟಳು, ಒಂಬತ್ತಾಗಲಿ ಎಂಬ ಮಾತನ್ನು ಮಾತ್ರ ಬೇಕೆಂದೇ ಬಿಟ್ಟಳು.

ಅಂದಿನಿಂದ ವಾರಕ್ಕೊಂದು ಮಧ್ಯಾಹ್ನ ಹೀಗೆ ನಡೆಯುತ್ತದೆ. ಮಾಮಿಯ ಮನೆ ಗುಡಿಸಿ ಒರೆಸಲು ಹೋಗುತ್ತಾಳೆ, ಎಂಥ ಸೊಸೆ ನೋಡಿ ಎಂದು ಹಟ್ಟಿಯವರೆಲ್ಲ ತೇನ್ಮೊಳಿಯನ್ನು ಹೊಗಳುತ್ತಾರೆ. ಹೊಗಳುವವರಿಗೆ ಚಹಾ ಬೆರೆಸಿ ಕೊಡುವವಳು ಆ ಮಾಮಿಯೇ. ತೆರೆದ ಬಾಗಿಲಿನಿಂದ ಜನ ಬರುತ್ತಾರೆ, ಹೋಗುತ್ತಾರೆ, ಮುನಿಸೂ ಕರಗಿದೆ, ಅವಳ ಬಲಗೈಗೆ ಬಿಡುವಿಲ್ಲ.

ಮೊನ್ನೆ ಹೀಗೆ ಅಡುಗೆಮನೆ ತುಂಬಾ ಜನ ಕೂತಿರುವಾಗ ಇಂದ್ರಾಣಿಯ ಫೋನು ಹೊಡೆದುಕೊಂಡಿತು. ಆ ಕಡೆ ಸುಧಾಕರನ್, ತೇನ್ಮೊಳಿ ಒಳಗೆ ಹೋದದ್ದನ್ನು ಕಂಡಿರದೆ, ಏದುಸಿರು ಬಿ‌ಡುತ್ತಿದ್ದ. ಅಮ್ಮಾ, ನೀವು ಗೇಟು ದಾಟಿ ಹೋದದ್ದನ್ನು ನನ್ನ ಕಣ್ಣಾರೆ ನೋಡಿದ್ದೇನೆ, ನಿಮ್ಮ ಬಾಗಿಲಿಗೆ ಒಳಗಿನಿಂದ ಚಿಲಕ ಬಿದ್ದಿದೆ, ಕೂಗಿದರೆ ಉತ್ತರವಿಲ್ಲ, ಬಾಗಿಲು ಒಡೆಯಲೇ ಎಂದು ಕೇಳಿದ. ಚಿಕ್ಕಮ್ಮ, ದೊಡ್ಡಮ್ಮ, ಇನ್ನೂ ಯಾರ್ಯಾರೋ ಲೋಟ ಕೆಳಗಿಟ್ಟು ಕಿವಿ ನಿಮಿರಿಸಿದರು. ಇಂದ್ರಾಣಿ ಫೋನನ್ನು ಕಿವಿಗೆ ಒತ್ತಿಕೊಂಡಳು.

"ಹಗ್ಗ ಎಳೆದಿದ್ದಾರಾ?"

ಇಲ್ಲ ಎಂದ ಅವನು.

"ಹಾಗಾದರೆ ಒಳಗಿರುವವರಿಗೆ ಏನೂ ಆಗಿಲ್ಲ. ಬೇಕಾದರೆ ಅವರೇ ಎಳೆಯುತ್ತಾರೆ. ನೀನು ಬಾಗಿಲು ತಟ್ಟಬೇಡ ಸುಧಾಕರಾ."

ಫೋನು ಇಡುವಷ್ಟರಲ್ಲಿ ಅಂಗಳದಿಂದ ಯಾರೋ 'ತೇನ್ಮೊಳೀ' ಎಂದು ಕೂಗುತ್ತಾ ಒಳಗೆ ಬಂದರು. ಇಂದ್ರಾಣಿ ಎದ್ದು ನಿಂತು, ಅವಳಿಲ್ಲ, ಏನು ಬೇಕೋ ನನ್ನನ್ನು ಕೇಳಿ ಎಂದಳು.